ನಮ್ಮೂರಿನ ಬೇಸಗೆಯ ತಿರುಗಾಟ

ಸರ್ಕಾರಿ ಕಚೇರಿಯ ಗುಮಾಸ್ತನಿಗೆ ವರ್ಷದಲ್ಲಿ ಆರು ಋತುಗಳಿಲ್ಲ, ಇರುವುದು ಎರಡೇ. ಮಾರ್ಚ್ ೩೧ಕ್ಕೆ ಮುಂಚಿನದು ಒಂದು, ಅನಂತರದ್ದು ಇನ್ನೊಂದು. ಮೊದಲಿನದರಲ್ಲಿ ಬಿಲ್ಲುಗಳು, ಲೆಕ್ಕಪತ್ರಗಳು, ಮೇಲಧಿಕಾರಿಗಳ ಗಂಟಿಕ್ಕಿದ ಹುಬ್ಬು. ಎರಡನೆಯದು ಕಾಲಿಟ್ಟೊಡನೆ ರಜೆಯ ಅರ್ಜಿಗಳು ಚಿಗುರತೊಡಗುತ್ತವೆ. ಚಹದ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ‘ಈ ಸಲ ಎಲ್ಲಿಗೆ?’ ಒಬ್ಬರು ಮಹಾಬಳೇಶ್ವರ ಎನ್ನುತ್ತಾರೆ, ಇನ್ನೊಬ್ಬರು ಮನಾಲಿ ಎನ್ನುತ್ತಾರೆ. ನನ್ನ ಸರದಿ ಬಂದಾಗ ನಾನು ‘ಊರಿಗೆ’ ಎನ್ನುತ್ತೇನೆ. ಕೇಳಿದವರ ಮುಖ ಕೊಂಚ ಬಾಡುತ್ತದೆ. ‘ಪ್ರತಿ ವರ್ಷವೂ ಊರಿಗೇ? ಅಲ್ಲಿ ನೋಡುವಂಥದು ಏನಿದೆ?’ ಎಂದು ಅನುಕಂಪದಿಂದ ಕೇಳುತ್ತಾರೆ.

ಈ ಪ್ರಶ್ನೆಗೆ ಚಹ ಕುಡಿದು ಮುಗಿಯುವಷ್ಟರಲ್ಲಿ ಉತ್ತರ ಕೊಡಲು ಬರುವುದಿಲ್ಲ. ನಮ್ಮ ಪತ್ರಿಕೆಯ ಓದುಗರಾದರೋ ನನ್ನಂತೆಯೇ ಊರು ಬಿಟ್ಟು ಬಂದವರು. ಸ್ವಲ್ಪ ಹೊತ್ತು ಕುಳಿತು ಕೇಳಿಯಾರೆಂಬ ಧೈರ್ಯದಿಂದ ಇದನ್ನು ಬರೆಯಲು ಹೊರಟಿದ್ದೇನೆ.

ನಮ್ಮೂರು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನಲ್ಲಿದೆ. ಊರೆಂದರೆ ಪೇಟೆಯಲ್ಲ, ಬೀದಿಯೂ ಅಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ತಲೆಯ ಮೇಲೆ ಏಳು ಮನೆಗಳು, ಮನೆಗಳ ಹಿಂದೆ ಬೆಟ್ಟ. ಅಷ್ಟೇ. ಹಿಂದೆ ಮುಂಬಯಿಯಿಂದ ಊರಿಗೆ ಹೋಗುವವರು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ನೂರು ಕಿಲೋಮೀಟರು ಬಸ್ಸಿನಲ್ಲಿ ಕುಲುಕಿಕೊಂಡು ಶಿರಸಿ ಸೇರುತ್ತಿದ್ದರು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಕುಮಟಾ ನಮಗೆ ಹತ್ತಿರದ ಬಾಗಿಲಾಯಿತು. ಈಗ ಮಧ್ಯಾಹ್ನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನ ಬೆಳಗಾಗುವ ಮೊದಲೇ ಕುಮಟಾದಲ್ಲಿರುತ್ತೇವೆ. ಅಲ್ಲಿಂದ ಶಿರಸಿಗೆ ಸುಮಾರು ಅರವತ್ತು ಕಿಲೋಮೀಟರು, ಘಟ್ಟದ ದಾರಿ. ಸೀಟು ಸಿಕ್ಕಬೇಕು, ಅದೊಂದೇ ಕಷ್ಟ. ೨೦೨೪ರ ನವೆಂಬರಿನಿಂದ ಅರವತ್ತು ದಿನ ಮುಂಚೆ ಮಾತ್ರ ಟಿಕೆಟು ಕಾದಿರಿಸಬಹುದೆಂದು ನಿಯಮವಾಗಿದೆ. ಆ ದಿನ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಇಷ್ಟು ಪಾಡುಪಟ್ಟು ಹೋಗಿ ಅಲ್ಲಿ ಮಾಡುವುದೇನು? ನಾನು ಹುಡುಗನಾಗಿದ್ದಾಗ ‘ಬೇಸಗೆಯ ವಿಹಾರ’ ಎಂಬ ಮಾತೇ ನಮ್ಮೂರಿನಲ್ಲಿ ಇರಲಿಲ್ಲ. ‘ತಿರುಗಾಟ’ ಎಂಬ ಮಾತಿತ್ತು. ಆದರೆ ಅದು ಯಕ್ಷಗಾನ ಮೇಳಕ್ಕೆ ಮಾತ್ರ ಗೌರವದ ಮಾತು. ಮೇಳ ತಿರುಗಾಟಕ್ಕೆ ಹೊರಟಿತು ಎಂದರೆ ಮರ್ಯಾದೆ. ಹುಡುಗ ತಿರುಗಾಟಕ್ಕೆ ಹೊರಟ ಎಂದರೆ ಬೈಗುಳ. ಹಾಗೆಂದು ನಾವು ಮನೆಯಲ್ಲಿ ಕುಳಿತಿರುತ್ತಿದ್ದೆವೆಂದು ತಿಳಿಯಬಾರದು. ಏಪ್ರಿಲ್ ಹತ್ತಕ್ಕೆ ಶಾಲೆಯ ಬಾಗಿಲು ಹಾಕಿದರೆ ಮೇ ತಿಂಗಳ ಕೊನೆಯವರೆಗೆ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಟ್ಟು ಏನೆಂದರೆ, ಯಾವ ತಿರುಗಾಟಕ್ಕೂ ಒಂದು ಕೆಲಸದ ನೆಪ ಇರಬೇಕಾಗಿತ್ತು. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವ ಪದ್ಧತಿ ಇರಲಿಲ್ಲ. ಹೋಗುವಾಗ ಬುಟ್ಟಿಯೋ ಚೀಲವೋ ಕೈಯಲ್ಲಿರಬೇಕು, ಬರುವಾಗ ಅದು ತುಂಬಿರಬೇಕು. ನಡುವೆ ಎಷ್ಟು ಆಡಿದರೂ ಕೇಳುವವರಿಲ್ಲ.

ಮೊದಲನೆಯದು ಬೆಟ್ಟ. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪು, ಒಣಗಿದ ಎಲೆ ಒದಗಿಸುವುದಕ್ಕೆಂದು ಸರ್ಕಾರ ಬಿಟ್ಟುಕೊಟ್ಟ ಕಾಡಿಗೆ ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಬೇಸಗೆಯಲ್ಲಿ ಬೆಟ್ಟದ ನೆಲ ಕಾಣದಷ್ಟು ಎಲೆ ಉದುರಿರುತ್ತದೆ. ಈ ಒಣಗಿದ ಎಲೆಗೆ ನಾವು ದರಕು ಎನ್ನುತ್ತೇವೆ. ಅದನ್ನು ಗುಡಿಸಿ, ತುಂಬಿ, ಹೊತ್ತು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಬೇಕು. ಅದೇ ಮುಂದೆ ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. ಹಿರಿಯರು ದರಕು ಗುಡಿಸುವಾಗ ನಾವು ತುಂಬಿದ ಬುಟ್ಟಿಯೊಳಗೆ ಇಳಿದು ಕುಣಿದು ಒತ್ತಬೇಕು. ಇದು ಕೆಲಸವೋ ಆಟವೋ ಎಂದು ನಾವು ಯಾರೂ ವಿಚಾರ ಮಾಡಲಿಲ್ಲ. ಹಾದಿಯ ಪಕ್ಕದಲ್ಲಿ ಕವಳಿ ಹಣ್ಣು ಕಪ್ಪಗೆ ತೂಗುತ್ತಿತ್ತು; ಮೇ ತಿಂಗಳಿನಲ್ಲಿ ನೇರಳೆ. ಮನೆಗೆ ಬರುವಾಗ ನಾಲಗೆಯ ಬಣ್ಣ ನೋಡಿ ಆಯಿ ನಾವು ಎಷ್ಟು ಕೆಲಸ ಮಾಡಿದೆವೆಂದು ಅಳೆಯುತ್ತಿದ್ದಳು.

ಈಗ ಹುಡುಗರನ್ನು ಹಾಗೆ ಬೆಟ್ಟಕ್ಕೆ ಬಿಡುವ ಕಾಲವಲ್ಲ. ಬೆಟ್ಟದ ಒಣ ಎಲೆಗಳಲ್ಲಿ ಉಣುಗು ಇರುತ್ತದೆ. ಅದರ ಕಡಿತದಿಂದ ಬರುವ ಮಂಗನ ಕಾಯಿಲೆಯ ಹೆಸರನ್ನು ಮಲೆನಾಡಿನವರೆಲ್ಲ ಬಲ್ಲರು. ೧೯೫೭ರಲ್ಲಿ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡುಬಂದ ಈ ಕಾಯಿಲೆ ೨೦೨೪ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಹಲವರನ್ನು ಹಿಡಿಯಿತು. ಅದು ಹೆಚ್ಚಾಗಿ ಹಬ್ಬುವುದು ಬೇಸಗೆಯ ತಿಂಗಳುಗಳಲ್ಲಿಯೇ. ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಆ ಕಡೆ ಯಾರೂ ಕಾಲಿಡುವುದಿಲ್ಲ. ಹೋಗಲೇಬೇಕಾದವರು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡು ಹೋಗುತ್ತಾರೆ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗಳೂ ಬಿಸಿನೀರಿಗೆ. ಊರಿಗೆ ಹೋಗುವ ನಮ್ಮವರು ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಮುಂಚೆ ಊರಿನವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಎರಡನೆಯದು ಮಿಡಿ ಕೊಯ್ಲು. ಹೊಳೆಯ ದಡದ ಅಪ್ಪೆಮಾವಿನ ಮರಗಳು ಆಕಾಶಕ್ಕೆ ಏಣಿ ಹಾಕಿದಂತೆ ಬೆಳೆದಿರುತ್ತವೆ. ಮರ ಹತ್ತುವವನು ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಸಬೇಕು, ನಾವು ಕೆಳಗೆ ನಿಂತು ಅದನ್ನು ಕೂಸನ್ನು ಎತ್ತಿಕೊಳ್ಳುವಂತೆ ಹಿಡಿಯಬೇಕು. ತೊಟ್ಟು ಮುರಿದರೆ ಸೊನೆ ಹೋಯಿತು. ಸೊನೆ ಹೋದರೆ ಪರಿಮಳ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬಾರದು. ಅದರ ಹಣೆಯಲ್ಲಿ ಅಂದಿನ ಅಪ್ಪೆಹುಳಿ ಬರೆದಿರುತ್ತದೆ. ಮುಂಬಯಿಯ ನಮ್ಮ ಮಕ್ಕಳಿಗೆ ಈ ಭಾಗ್ಯವಿಲ್ಲ. ಮಿಡಿ ಕೊಯ್ಯುವುದು ಫೆಬ್ರವರಿ ಮಾರ್ಚ್ ತಿಂಗಳಿನಲ್ಲಿ; ಆಗ ಇವರಿಗೆ ಪರೀಕ್ಷೆಯ ಕಾಟ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯದೂ ಇದೇ ಕಥೆ. ಕರ್ನಾಟಕದ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ, ಮಹಾರಾಷ್ಟ್ರದವು ಜೂನ್ ನಡುವಿಗೆ. ಇಲ್ಲಿಯ ಮಕ್ಕಳಿಗೂ ಅಲ್ಲಿಯ ಮಕ್ಕಳಿಗೂ ಒಟ್ಟಿಗೆ ಸಿಗುವುದು ಮೇ ತಿಂಗಳೊಂದೇ. ಊರಿನ ನೆಂಟಸ್ತಿಕೆಯೆಲ್ಲ ಆ ಒಂದು ತಿಂಗಳಿನಲ್ಲಿ ಮುಗಿಯಬೇಕು.

ಆದರೆ ಮೇ ತಿಂಗಳಿನ ಕೈಯೂ ಬರಿದಲ್ಲ. ಮುರುಗಲು ಹಣ್ಣಾಗುವುದು ಆಗಲೇ. ಇಲ್ಲಿಯ ಅಂಗಡಿಗಳಲ್ಲಿ ಕೋಕಂ ಎಂದು ಕರೆಯುವುದು ಇದನ್ನೇ. ಡೊಂಬಿವಲಿಯಲ್ಲಿ ನಾವು ದುಡ್ಡು ಕೊಟ್ಟು ಕುಡಿಯುವ ಕೆಂಪು ಶರಬತ್ತು ನಮ್ಮೂರಿನ ಹಳ್ಳದ ಬದಿಯಲ್ಲಿ ಬಿದ್ದು ಹೋಗುತ್ತಿರುತ್ತದೆ. ಹಣ್ಣು ಆರಿಸಿ ತಂದು, ಬಿಡಿಸಿ, ಸಿಪ್ಪೆಯನ್ನು ಬಿಸಿಲಿಗೆ ಹಾಕಬೇಕು. ಬೀಜವನ್ನು ಬೇರೆ ಒಣಗಿಸಿ ತುಪ್ಪ ತೆಗೆಯಬೇಕು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಮುರುಗಲು ತುಪ್ಪಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಹಣ್ಣು ಆರಿಸುವ ನೆಪದಲ್ಲಿ ಹಳ್ಳದ ಗುಂಡಿಗೆ ಇಳಿಯಬಹುದಾಗಿತ್ತು. ಕಂಬಳಿ ಒಗೆಯುವ ದಿನವಂತೂ ಹಬ್ಬ. ಮಳೆಗಾಲಕ್ಕೆ ಮುಂಚೆ ಮನೆಯ ಕಂಬಳಿಗಳೆಲ್ಲ ಹೊಳೆಗೆ ಹೋಗುತ್ತಿದ್ದವು, ಅವುಗಳ ಜೊತೆಗೆ ನಾವೂ. ಕಂಬಳಿಯನ್ನು ತುಳಿದು ತುಳಿದು, ಅದು ಬಂಡೆಯ ಮೇಲೆ ಒಣಗುವವರೆಗೆ ನೀರಿನಲ್ಲಿ ಬಿದ್ದಿರುತ್ತಿದ್ದೆವು.

ದೂರದ ಪ್ರಯಾಣಗಳೂ ಇದ್ದವು. ಶಿರಸಿಯಿಂದ ಸುಮಾರು ಹದಿನೇಳು ಕಿಲೋಮೀಟರು ದೂರದಲ್ಲಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸಹಸ್ರಲಿಂಗಗಳಿವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸೋಂದೆಯ ಅರಸು ಸದಾಶಿವರಾಯನ ಕಾಲದಲ್ಲಿ ಕಡೆದವು ಎನ್ನುತ್ತಾರೆ. ಮಳೆಗಾಲದಲ್ಲಿ ನೀರು ಅವನ್ನು ಮುಚ್ಚಿಬಿಡುತ್ತದೆ. ನೀರು ಇಳಿದ ಬೇಸಗೆಯಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ ಲಿಂಗ, ಬಸವ ಎಂದು ಎಣಿಸುತ್ತ ಹೋಗುವುದು ನಮ್ಮ ಆಟ. ಯಾರ ಲೆಕ್ಕವೂ ಇನ್ನೊಬ್ಬರ ಲೆಕ್ಕಕ್ಕೆ ಕೂಡಿ ಬರುತ್ತಿರಲಿಲ್ಲ. ಇಂದು ಕಚೇರಿಯಲ್ಲಿ ನಾನು ಹಾಕುವ ಮೊತ್ತಗಳು ಅದಕ್ಕಿಂತ ಎಷ್ಟೋ ಮೇಲು. ಅಲ್ಲಿಗೆ ಹೋಗಲು ಇದ್ದ ನೆಪ, ಆ ಕಡೆಯ ನೆಂಟರ ಮನೆಗೆ ಬೆಲ್ಲದ ಡಬ್ಬಿ ತಲುಪಿಸುವುದು. ಬನವಾಸಿಗೆ ಅಪ್ಪ ಅಕ್ಕಿಯ ವ್ಯವಹಾರಕ್ಕೆ ಹೋಗುವಾಗ ನಾನು ಬಾಲ ಹಿಡಿಯುತ್ತಿದ್ದೆ. ಶಿರಸಿಯಿಂದ ಇಪ್ಪತ್ತನಾಲ್ಕು ಕಿಲೋಮೀಟರು. ಕದಂಬರ ರಾಜಧಾನಿ, ಪಂಪ ಹಂಬಲಿಸಿದ ನೆಲ ಎಂಬುದೆಲ್ಲ ನನಗೆ ಆಗ ಗೊತ್ತಿಲ್ಲ. ಮಧುಕೇಶ್ವರ ದೇವಸ್ಥಾನದ ಕಲ್ಲು ಹಾಸಿನ ತಂಪು ಮಾತ್ರ ಗೊತ್ತು. ಇಲ್ಲಿ ರಾಜ್ಯೋತ್ಸವದ ದಿನ ಭಾಷಣಕಾರರು ಬನವಾಸಿಯ ಹೆಸರೆತ್ತಿದರೆ ಸಾಕು, ನನ್ನ ಅಂಗಾಲು ಇಂದಿಗೂ ತಣ್ಣಗಾಗುತ್ತದೆ.

ಯಾಣದ ವಿಷಯ ಬೇರೆ. ‘ರೊಕ್ಕವಿದ್ದವನು ಗೋಕರ್ಣಕ್ಕೆ, ಸೊಕ್ಕಿದ್ದವನು ಯಾಣಕ್ಕೆ’ ಎಂದು ನಮ್ಮಲ್ಲಿ ಗಾದೆಯುಂಟು. ಅಷ್ಟು ದುರ್ಗಮವಾಗಿತ್ತು ಆ ದಾರಿ. ಈಗ ಕಾರು ಬಹುತೇಕ ಹತ್ತಿರದವರೆಗೆ ಹೋಗುತ್ತದೆ, ಸೊಕ್ಕಿಲ್ಲದವರೂ ಹೋಗಬಹುದು. ಕಾಡಿನ ನಡುವೆ ಒಮ್ಮೆಲೇ ಕಪ್ಪು ಬಂಡೆಗಳು ಎದ್ದು ನಿಲ್ಲುತ್ತವೆ. ಭೈರವೇಶ್ವರ ಶಿಖರ ೧೨೦ ಮೀಟರು, ಮೋಹಿನಿ ಶಿಖರ ೯೦ ಮೀಟರು. ಮೇಲೆ ಹೆಜ್ಜೇನಿನ ತಟ್ಟಿಗಳು ತೂಗುತ್ತಿರುತ್ತವೆ. ಮೋಹಿನಿಯ ಕೈಯಲ್ಲಿ ಭಸ್ಮಾಸುರ ಬೂದಿಯಾದ ಜಾಗ ಇದೇ, ಅದಕ್ಕೇ ಮಣ್ಣು ಕಪ್ಪು ಎಂಬುದು ನಂಬಿಕೆ. ನಾನು ಅಲ್ಲಿಗೆ ಮೊದಲು ಹೋದದ್ದು ಮನೆಯವರ ಜೊತೆ, ಒಂದು ಹರಕೆಯ ತೆಂಗಿನಕಾಯಿ ಹಿಡಿದುಕೊಂಡು. ಅದಕ್ಕೆ ಕೆಲವೇ ದಿನ ಮುಂಚೆ ಕೊಯ್ಲಾದ ಗದ್ದೆಯ ಬಯಲಿನಲ್ಲಿ ರಾತ್ರಿಯಿಡೀ ಕುಳಿತು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದ್ದೆ. ೨೦೧೨ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ೨೦೧೭ರಲ್ಲಿ ಅವರು ತೀರಿಕೊಂಡರು. ಬಂಡೆಯ ಬುಡದಲ್ಲಿ ನಿಂತಾಗ ನನಗೆ ಪುರಾಣದ ಅಸುರ ನೆನಪಾಗಲಿಲ್ಲ. ಚಿಟ್ಟಾಣಿಯವರ ಕುಣಿತದ ಹೆಜ್ಜೆಯೇ ನೆನಪಾಯಿತು. ಅವರೇ ಇಲ್ಲಿ ಬೂದಿಯಾದರೇನೋ ಎಂದು ಮರುಕಪಟ್ಟೆ.

ಇದೆಲ್ಲ ನನ್ನ ಬಾಲ್ಯದ ಮಾತಾಯಿತು. ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಅವಳು ಹುಟ್ಟಿದ್ದು, ಬೆಳೆಯುತ್ತಿರುವುದು ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ. ಗೆಳತಿಯರ ಜೊತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ನಮ್ಮ ಜೊತೆ ಕನ್ನಡ. ಅವಳಿಗೆ ಆರು ವರ್ಷವಾಗಿದ್ದಾಗ ಊರಿಗೆ ಹೋದ ಮೂರನೆಯ ದಿನ ಜಗಲಿಯ ಮೇಲೆ ಎಲ್ಲರೂ ಕುಳಿತಿದ್ದಂತೆ ಕೇಳಿದಳು: ‘ಅಪ್ಪಾ, ಮನೆಗೆ ಯಾವಾಗ ಹೋಗುವುದು?’ ಅವಳ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ‘ಇದೂ ನಿನ್ನ ಮನೆಯೇ ಅಲ್ಲವೇನೇ ಕೂಸೇ?’ ಎಂದಳು. ಮಗು ಅತ್ತಿತ್ತ ನೋಡಿತು. ಅದಕ್ಕೆ ಹಾಗೆ ಅನಿಸಿರಲಿಲ್ಲ. ಸುಳ್ಳು ಹೇಳಲೂ ಬರುತ್ತಿರಲಿಲ್ಲ.

ಆ ಗಳಿಗೆಯಲ್ಲಿ ಜಾಣತನ ತೋರಿಸಿದವಳು ನನ್ನ ಅತ್ತಿಗೆ. ಮರುದಿನ ಹಲಸಿನ ಹಪ್ಪಳದ ಕೆಲಸವಿತ್ತು. ಓದುಗರಲ್ಲಿ ಬಯಲುಸೀಮೆಯವರೂ ಇದ್ದಾರಾದ್ದರಿಂದ ವಿವರ ಹೇಳುತ್ತೇನೆ. ಬೆಳೆದು ಹಣ್ಣಾಗದ ಹಲಸಿನಕಾಯಿಯನ್ನು ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಬೇಕು. ಎಣ್ಣೆ ಇಲ್ಲದಿದ್ದರೆ ಮೇಣ ಕೈ ಬಿಡುವುದಿಲ್ಲ. ಬೀಜ ತೆಗೆದ ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒನಕೆಯಿಂದ ಕುಟ್ಟಬೇಕು. ಹಿಟ್ಟು ಹದಕ್ಕೆ ಬಂದ ಮೇಲೆ ಉಂಡೆ ಮಾಡಿ, ಎರಡು ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ ಹಾಕಬೇಕು. ಹಿಂದೆ ಹಾಳೆ ಎಂದರೆ ಬಾಳೆ ಎಲೆ, ಈಗ ಪ್ಲಾಸ್ಟಿಕ್. ಒಂದು ದಿನಕ್ಕೆ ಮುನ್ನೂರು ನಾನೂರು ಹಪ್ಪಳ. ಹಿಟ್ಟಿನ ಉಂಡೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿನ್ನುವ ಸುಖವನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಅತ್ತಿಗೆ ಮಗಳ ಕೈಗೆ ಒಂದು ಕೋಲು ಕೊಟ್ಟು ಅಂಗಳದಲ್ಲಿ ಕೂರಿಸಿದಳು. ‘ಕೂಸೇ, ಈ ಚಾಪೆ ನಿಂದು. ಹಪ್ಪಳವೂ ನಿಂದೇ, ಕಾಗೆಯೂ ನಿಂದೇ’ ಎಂದಳು. ಅಷ್ಟೇ ಉಪದೇಶ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಗಂಟಲು ಕಾಗೆಗಳನ್ನು ಬೈದು ಬೈದು ಕಟ್ಟಿತ್ತು. ಒಂದು ಕರು ಚಾಪೆಯ ಅಂಚನ್ನು ಎಳೆದುಕೊಂಡು ಹೋದಾಗ ಅವಳು ಅತ್ತದ್ದನ್ನು ಬಿಡಿಸಂಟಿನಲ್ಲಿ ಕಳೆದುಕೊಂಡವರೂ ಅಳಲಾರರು. ಮೂರನೆಯ ದಿನ ಮಣೆಯ ಹತ್ತಿರ ಕುಳಿತು ಒತ್ತುವುದಕ್ಕೆ ಅಪ್ಪಣೆ ಸಿಕ್ಕಿತು. ಅವಳ ಹಪ್ಪಳಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅತ್ತಿಗೆ ಅವನ್ನು ಬೇರೆ ಕಟ್ಟು ಕಟ್ಟಿ ಕೊಟ್ಟಳು. ಜುಲೈ ತಿಂಗಳ ಮಳೆಯಲ್ಲಿ ಇಲ್ಲಿ ಅವನ್ನು ಕರಿದಾಗ ನೆರೆಮನೆಯವರಿಗೆಲ್ಲ ಹಂಚಿ ಬಂದಳು. ‘ಆಮ್‌ಚ್ಯಾ ಘರೀ ಕೇಲೇ’ ಎಂದು ಅವರಿಗೆ ಮರಾಠಿಯಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಮ್ಮ ಮನೆಯಲ್ಲಿ ಮಾಡಿದ್ದು ಎಂದರ್ಥ. ಯಾವ ಮನೆಯೆಂದು ನಾನು ಕೇಳಲು ಹೋಗಲಿಲ್ಲ.

ಇನ್ನೊಂದು ಲಾಭವೂ ಆಯಿತು. ಕನ್ನಡ ತರಗತಿಯಲ್ಲಿ ಅವಳು ‘ಒ’ ಎಂದರೆ ಒಂಟೆ ಎಂದು ಕಲಿತಿದ್ದಳು. ಒಂಟೆ ಶಿರಸಿಯಲ್ಲಿಯೂ ಇಲ್ಲ, ಡೊಂಬಿವಲಿಯಲ್ಲಿಯೂ ಇಲ್ಲ. ಈಗ ಅವಳ ‘ಒ’ ಒರಳಾಗಿದೆ. ತೊಳೆ, ಮೇಣ, ಮಣೆ, ಒನಕೆ, ಸೊನೆ, ದರಕು ಇವೆಲ್ಲ ನಮ್ಮ ನಾಲ್ಕನೆಯ ಮಹಡಿಯಲ್ಲಿ ಎಷ್ಟು ಪಾಠ ಹೇಳಿದರೂ ಬಾರದ ಮಾತುಗಳು; ಏಕೆಂದರೆ ಆ ವಸ್ತುಗಳೇ ಅಲ್ಲಿಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದರೆ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಉಳಿಯುವುದು ಹೇಗೆಂದು ನಾವು ಸಭೆಗಳಲ್ಲಿ ಚರ್ಚಿಸುತ್ತೇವೆ. ಬೇಸಗೆಯ ಹದಿನೈದು ದಿನಗಳ ಕೆಲಸವನ್ನೂ ಆ ಚರ್ಚೆಯಲ್ಲಿ ಸೇರಿಸಿಕೊಳ್ಳಬಹುದೆಂದು ನನ್ನ ವಿನಮ್ರ ಸೂಚನೆ.

ಆದರೆ ಊರು ನಮಗಾಗಿ ಕಾದು ಕುಳಿತಿರುತ್ತದೆಯೆ? ಇಲ್ಲ. ಏಳು ಮನೆಗಳಲ್ಲಿ ಮೂರಕ್ಕೆ ಈಗ ಬೀಗ ಬಿದ್ದಿದೆ. ನಾನು ಚಿಕ್ಕವನಾಗಿದ್ದಾಗ ಹಪ್ಪಳಕ್ಕೆ ಏಳು ಮನೆಯ ಹೆಂಗಸರು ಸೇರುತ್ತಿದ್ದರು. ಇಂದು ನಮ್ಮ ಮನೆ, ಕೆಳಗಿನ ಮನೆ, ಅಲ್ಲಿಗೆ ಮುಗಿಯಿತು. ಅಣ್ಣನ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ತಿರುಗಿ ಬರುವ ಮಾತಿಲ್ಲ. ತೋಟಕ್ಕೆ ಎಲೆಚುಕ್ಕೆ ರೋಗ ತಗುಲಿದೆ, ಕೆಲಸಕ್ಕೆ ಆಳು ಸಿಗುವುದಿಲ್ಲ, ಅತ್ತಿಗೆಗೆ ಮಂಡಿ ನೋವು. ಈ ವರ್ಷ ಫೆಬ್ರವರಿಯಲ್ಲಿ ಅಣ್ಣ ಫೋನಿನಲ್ಲಿ ಹೇಳಿದ: ‘ಹಪ್ಪಳ ಈ ಸಲದಿಂದ ಸಾಕು ಅನಿಸ್ತದೆ ತಮ್ಮಾ. ಶಿರಸಿ ಪೇಟೆಯಲ್ಲಿ ಬೇಕಾದಷ್ಟು ಸಿಗ್ತದೆ. ನೀವು ಬನ್ನಿ, ನಾಲ್ಕು ದಿನ ಆರಾಮಾಗಿ ಇದ್ದು ಹೋಗಿ.’

ಅಣ್ಣ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ದುಡಿದು ದಣಿದವನ ಮಾತು ಅದು. ಆದರೆ ನಾಲ್ಕು ದಿನ ಆರಾಮಾಗಿ ಇದ್ದು ಹೋಗುವವನನ್ನು ಅತಿಥಿ ಎನ್ನುತ್ತಾರೆ. ಒಮ್ಮೆ ಅತಿಥಿಯಾದರೆ ಮನೆಯವನಾಗುವುದು ಕಷ್ಟ. ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದಂತೆ ಪಕ್ಕದಲ್ಲಿದ್ದ ಮಗಳು ಫೋನನ್ನು ಕಿತ್ತುಕೊಂಡು, ‘ದೊಡ್ಡಪ್ಪಾ, ಎರಡು ಮರದ ಕಾಯಿ ಹಾಗೇ ಬಿಡು. ನಾವು ಮೇ ಮೂರಕ್ಕೆ ಬರ್ತೇವೆ. ಅಪ್ಪ ಕುಟ್ತಾನೆ, ಅಮ್ಮ ಬೇಯಿಸ್ತಾಳೆ, ನಾನು ಒತ್ತುತ್ತೇನೆ. ದೊಡ್ಡಮ್ಮ ಕುರ್ಚಿಯ ಮೇಲೆ ಕೂತು ಹೇಳಿಕೊಟ್ಟರೆ ಸಾಕು’ ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅಣ್ಣ, ‘ಮಂಗ ಬಿಟ್ಟರೆ ಎರಡು ಮರದ್ದು ಉಳಿಸ್ತೇನೆ’ ಎಂದ.

ಇನ್ನು ಎಷ್ಟು ಬೇಸಗೆ ಹೀಗೆ ನಡೆದೀತೆಂದು ನನಗೆ ಗೊತ್ತಿಲ್ಲ. ಊರನ್ನು ಉಳಿಸುತ್ತೇನೆಂದು ಹೇಳಿಕೊಳ್ಳುವಷ್ಟು ರಜೆ ಗುಮಾಸ್ತನ ಖಾತೆಯಲ್ಲಿ ಇರುವುದಿಲ್ಲ. ಓದುಗರಲ್ಲಿ ಒಬ್ಬೊಬ್ಬರದು ಒಂದೊಂದು ಊರು. ಒಬ್ಬರಲ್ಲಿ ಹಪ್ಪಳವಿದ್ದರೆ ಇನ್ನೊಬ್ಬರಲ್ಲಿ ಶಾವಿಗೆ, ಮತ್ತೊಬ್ಬರಲ್ಲಿ ಹುಣಸೆಹಣ್ಣು ಕುಟ್ಟುವುದು, ಕೆರೆಯ ಹೂಳು ತೆಗೆಯುವುದು ಇದ್ದೀತು. ಈ ಬೇಸಗೆಯಲ್ಲಿ ಊರಿಗೆ ಫೋನು ಮಾಡುವಾಗ ‘ನೋಡುವುದಕ್ಕೆ ಏನಿದೆ’ ಎಂದು ಕೇಳುವ ಬದಲು ‘ಮಾಡುವುದಕ್ಕೆ ಏನಿದೆ’ ಎಂದು ಕೇಳಿ ನೋಡಿ. ಮಕ್ಕಳ ಕೈಗೂ ಒಂದು ಕೋಲು ಕೊಡಿಸಿ. ಕಾಗೆಗಳ ಚಿಂತೆ ಬೇಡ, ಅವು ಎಲ್ಲ ಊರಿನಲ್ಲಿಯೂ ಇವೆ.